ನಾರ್ಸ್ ಯುದ್ಧನೌಕೆಗಳ ಹೆಸರು ಮತ್ತು ದರ್ಜೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾದಂಬರಿಗೋ ಗೇಮ್‌ಗೋ ನಾರ್ಸ್ ನೌಕಾಪಡೆಯೊಂದನ್ನು ಕಲ್ಪಿಸಿಕೊಳ್ಳಲು ಹೊರಟವರು ಮೊದಲು ಎಡವುವುದು ಹೆಸರುಗಳಲ್ಲಿ. ಇಂದಿನ ನೌಕಾಪಡೆಗಳ ಫ್ರಿಗೇಟ್, ಡೆಸ್ಟ್ರಾಯರ್, ಕ್ರೂಸರ್ ಎಂಬ ಏಣಿಯನ್ನು ಹಾಗೆಯೇ ಎತ್ತಿಕೊಂಡು, ಅದರ ಮೆಟ್ಟಿಲುಗಳಿಗೆ ನಾರ್ಸ್ ಪದಗಳನ್ನು ಅಂಟಿಸಿದರೆ ಪಡೆ ಸಿದ್ಧವಾಯಿತು ಎಂದು ಅನೇಕರು ಭಾವಿಸುತ್ತಾರೆ. ನಾರ್ಸರು, ಅಂದರೆ ವೈಕಿಂಗ್ ಕಾಲದ ಸ್ಕ್ಯಾಂಡಿನೇವಿಯಾದವರು, ಹಡಗನ್ನು ನೋಡುತ್ತಿದ್ದ ಬಗೆಯೇ ಬೇರೆ. ಅವರು ಹಡಗನ್ನು ಅಳೆದದ್ದು ಅದರಲ್ಲಿ ಕೂರುವ ಮನುಷ್ಯರಿಂದ. ಹೆಸರಿಟ್ಟದ್ದು ಅದರ ಮೈ, ಮುಖ ಮತ್ತು ನಡೆಯಿಂದ. ಈ ಎರಡು ಸಂಗತಿಗಳನ್ನು ಹಿಡಿದುಕೊಂಡರೆ ಮುಂದಿನ ಉತ್ತರಗಳೆಲ್ಲ ಒಂದೇ ದಾರದಲ್ಲಿ ಬರುತ್ತವೆ.

ಪ್ರಶ್ನೆ: ವೈಕಿಂಗ್ ಕಾಲದಲ್ಲಿ ನಿಜವಾಗಿಯೂ ನೌಕಾಪಡೆ ಎಂಬುದೊಂದು ಇತ್ತೇ?

ವರ್ಷವಿಡೀ ಸಂಬಳದ ಮೇಲೆ ನಿಂತಿರುವ ಪಡೆ ಎಂಬ ಅರ್ಥದಲ್ಲಿ ಇರಲಿಲ್ಲ. ರಾಜನಿಗೂ ದೊಡ್ಡ ಮುಖಂಡರಿಗೂ ಸ್ವಂತ ಹಡಗುಗಳಿದ್ದವು, ಅವುಗಳಲ್ಲಿ ಅವರ ಆಪ್ತ ಯೋಧರಿದ್ದರು. ಇದರ ಜೊತೆಗೆ ಲೈದಂಗ್ ಎಂಬ ಕಡ್ಡಾಯ ವ್ಯವಸ್ಥೆಯಿತ್ತು. ಕರಾವಳಿಯನ್ನು ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಿ, ಒಂದೊಂದು ಭಾಗದ ರೈತರು ಸೇರಿ ಒಂದು ಹಡಗನ್ನು ಕಟ್ಟಿ, ಅದಕ್ಕೆ ಜನ, ಆಯುಧ ಮತ್ತು ದಿನಸಿಯನ್ನು ಒದಗಿಸಿ, ರಾಜನ ಕರೆ ಬಂದಾಗ ಹೊರಡಿಸಬೇಕಿತ್ತು. ನಾರ್ವೆಯಲ್ಲಿ ಈ ವ್ಯವಸ್ಥೆಯನ್ನು 10ನೆಯ ಶತಮಾನದ ಹೋಕುನ್ ದಿ ಗುಡ್ ಎಂಬ ರಾಜನ ಹೆಸರಿನೊಂದಿಗೆ ಸಾಗಾಗಳು, ಅಂದರೆ ಹಳೆಯ ನಾರ್ಸ್ ಗದ್ಯಕಥನಗಳು, ಜೋಡಿಸುತ್ತವೆ; ಅದರ ನಿಯಮಗಳು ಪಶ್ಚಿಮ ನಾರ್ವೆಯ ಗುಲತಿಂಗ್ ಕಾನೂನಿನಲ್ಲಿ ದಾಖಲಾಗಿವೆ. ಯಾವ ಜಿಲ್ಲೆ ಎಷ್ಟು ಹಡಗು ಕೊಡಬೇಕು, ಆ ಹಡಗಿನಲ್ಲಿ ಎಷ್ಟು ಜನ ಕೂರುವಂತಿರಬೇಕು ಎಂದು ಕಾನೂನು ಹೇಳಬೇಕಾಗಿದ್ದುದರಿಂದಲೇ ಹಡಗುಗಳಿಗೆ ಒಂದು ಅಧಿಕೃತ ಅಳತೆ ಬೇಕಾಯಿತು. ದರ್ಜೆ ಹುಟ್ಟಿದ್ದು ತೆರಿಗೆಯ ಲೆಕ್ಕದಿಂದ ಎಂಬುದನ್ನು ಮರೆಯಬಾರದು.

ಪ್ರಶ್ನೆ: ಆ ಅಳತೆ ಯಾವುದು?

ಅದರ ಹೆಸರು ರೂಮ್. ಇಂಗ್ಲಿಷಿನಿಂದ ನಮ್ಮ ಮಾತಿಗೆ ಬಂದಿರುವ ರೂಮ್ ಪದದ ನೆಂಟನೇ ಇದು, ಆದರೆ ಇಲ್ಲಿ ಕೋಣೆ ಎಂದರ್ಥವಲ್ಲ. ಹಡಗಿನ ಒಡಲಿನಲ್ಲಿ ಒಂದು ಅಡ್ಡತೊಲೆಯಿಂದ ಮುಂದಿನ ಅಡ್ಡತೊಲೆಯವರೆಗಿನ ಜಾಗವೇ ಒಂದು ರೂಮ್. ಆ ಜಾಗದಲ್ಲಿ ಎಡಕ್ಕೆ ಒಂದು, ಬಲಕ್ಕೆ ಒಂದು ಹುಟ್ಟು. ಒಂದು ಬದಿಯ ಅರ್ಧಕ್ಕೆ ಹಾಲ್ವ್‌ರೀಮಿ, ಅಂದರೆ ಅರೆ ರೂಮ್ ಎನ್ನುತ್ತಿದ್ದರು. ಇದೇ ಲೆಕ್ಕವನ್ನು ಆಸನ ಎಂಬ ಅರ್ಥದ ಸೆಸ್ಸಾ ಪದದಿಂದಲೂ ಹೇಳುತ್ತಿದ್ದರು. ತ್ವೀತುಗ್‌ಸೆಸ್ಸಾ ಎಂದರೆ ಇಪ್ಪತ್ತು ಆಸನಸಾಲುಗಳ, 40 ಹುಟ್ಟುಗಳ ಹಡಗು; ಥ್ರೀತುಗ್‌ಸೆಸ್ಸಾ ಎಂದರೆ ಮೂವತ್ತು ಸಾಲುಗಳ, 60 ಹುಟ್ಟುಗಳ ಹಡಗು. ಕನ್ನಡದ ಓದುಗರಿಗೆ ಈ ಪದರಚನೆ ಹೊಸದೇನಲ್ಲ. ಮೂರು ಕಣ್ಣು ಉಳ್ಳವನು ಯಾವನೋ ಅವನು ಮುಕ್ಕಣ್ಣ ಎಂದು ಶಾಲೆಯಲ್ಲಿ ಬಹುವ್ರೀಹಿ ಸಮಾಸ ಬಿಡಿಸಿದ್ದೇವಲ್ಲ, ಹಾಗೆಯೇ ಮೂವತ್ತು ಆಸನ ಉಳ್ಳದ್ದು ಯಾವುದೋ ಅದು ಥ್ರೀತುಗ್‌ಸೆಸ್ಸಾ.

ಒಂದು ರೂಮಿನ ಉದ್ದ ಹಡಗಿನಿಂದ ಹಡಗಿಗೆ ಸುಮಾರು ಮುಕ್ಕಾಲು ಮೀಟರಿನಿಂದ ಒಂದು ಮೀಟರಿನವರೆಗೆ ಬದಲಾಗುತ್ತದೆ. ಮನೆಯ ನೆಲಕ್ಕೆ ಎರಡಡಿಯ ಟೈಲ್ಸ್ ಹಾಕಿಸಿದ್ದರೆ ಒಂದೂವರೆ ಟೈಲ್ ಅಳೆದು ಗೆರೆ ಎಳೆದು, ಅದರೊಳಗೆ ಕುಳಿತು, ಎರಡೂ ಕೈಯಿಂದ ಹುಟ್ಟು ಎಳೆಯುವಂತೆ ಹಿಂದಕ್ಕೆ ವಾಲಿ ನೋಡಿ. ಬೆನ್ನು ಹಿಂದಿನವನ ಗೆರೆಯನ್ನು ದಾಟಿಬಿಡುತ್ತದೆ. ಎಲ್ಲರೂ ಒಂದೇ ತಾಳಕ್ಕೆ ಎಳೆದರೆ ಮಾತ್ರ ಆ ಜಾಗ ಸಾಲುತ್ತದೆ, ಒಬ್ಬ ತಪ್ಪಿದರೂ ಇಡೀ ಸಾಲು ತಡವರಿಸುತ್ತದೆ. ಇಪ್ಪತ್ತು ಆಸನದ ಹಡಗು ಎಂಬ ಮಾತು ಆ ಕಾಲದ ಕೇಳುಗನಿಗೆ ಬರಿಯ ಸಂಖ್ಯೆಯಾಗಿರಲಿಲ್ಲ, ಹೀಗೆ ಒಟ್ಟಿಗೆ ದುಡಿಯಬಲ್ಲ ನಲವತ್ತು ಜನರ ಗುಂಪಾಗಿತ್ತು.

ಪ್ರಶ್ನೆ: ಅತಿ ಚಿಕ್ಕ ಯುದ್ಧನೌಕೆ ಯಾವುದು?

ಗುಲತಿಂಗ್ ಕಾನೂನಿನ ಪ್ರಕಾರ ಆಸನಗಳಿಂದ ಎಣಿಸಬಹುದಾದ ಹಡಗಿನ ಕನಿಷ್ಠ ಮಿತಿ 13. ಅದಕ್ಕಿಂತ ಚಿಕ್ಕವುಗಳನ್ನು ಬಿಡಿ ಹುಟ್ಟುಗಳ ಲೆಕ್ಕದಿಂದ ಕರೆಯುತ್ತಿದ್ದರು: ಆರು ಹುಟ್ಟಿನದು ಸೆಕ್ಸ್‌ಎರಿಂಗ್, ಎಂಟರದು ಆಟ್ಟೆರಿಂಗ್, ಹನ್ನೆರಡರದು ಟೋಲ್ಫೆರಿಂಗ್. ಈ ಜಾತಿಯ ಹೆಸರುಗಳು ನಾರ್ವೆಯ ಮೀನುಗಾರರ ದೋಣಿಗಳಿಗೆ ಇಂದಿಗೂ ಉಳಿದಿವೆ.

ಪ್ರಶ್ನೆ: ಸ್ನೆಕ್ಯಾ, ಸ್ಕೆಯ್ದ್, ದ್ರೆಕಿ, ಕಾರ್ವಿ ಎಂಬವು ಚಿಕ್ಕದರಿಂದ ದೊಡ್ಡದಕ್ಕೆ ಹೋಗುವ ದರ್ಜೆಗಳಲ್ಲವೇ?

ಜನಪ್ರಿಯ ಪುಸ್ತಕಗಳೂ ಗೇಮ್‌ಗಳೂ ಹಾಗೆಯೇ ಹೇಳುತ್ತವೆ, ಆದರೆ ಅದು ನಂತರದವರು ಮಾಡಿಕೊಂಡ ಅನುಕೂಲದ ಪಟ್ಟಿ. ಲಾಂಗ್‌ಸ್ಕಿಪ್, ಅಂದರೆ ಉದ್ದದ ಹಡಗು, ಎಂಬುದು ಎಲ್ಲ ಯುದ್ಧನೌಕೆಗಳಿಗೂ ಸಲ್ಲುವ ಸಾಮಾನ್ಯ ಪದ. ಅದರೊಳಗೆ ಕಾರ್ವಿ ಎಂಬುದು ಚಿಕ್ಕದು, ಪ್ರಯಾಣಕ್ಕೂ ಕಾಳಗಕ್ಕೂ ಒದಗುವಂಥದ್ದು. ಸ್ನೆಕ್ಯಾ ಎಂಬುದು ಸಾಮಾನ್ಯವಾಗಿ ಇಪ್ಪತ್ತು ಆಸನಗಳ ಆಸುಪಾಸಿನ, ಲೈದಂಗ್ ಪಡೆಯಲ್ಲಿ ಹೆಚ್ಚಾಗಿ ಕಾಣುವ ಹಡಗು. ಸ್ಕೆಯ್ದ್ ಎಂದಾಗ ಉದ್ದವಾದ, ವೇಗದ, ಹೆಚ್ಚಾಗಿ ದೊಡ್ಡವರ ಹಡಗು ಕಣ್ಮುಂದೆ ಬರುತ್ತಿತ್ತು. ಇಷ್ಟರ ಮಟ್ಟಿಗೆ ಪಟ್ಟಿ ಸರಿ. ಆದರೆ ಓಲಾವ್ ಟ್ರಿಗ್ವಸನ್ ಎಂಬ ನಾರ್ವೆಯ ರಾಜನ ‘ಕ್ರೌಂಚ’ ಎಂಬ ಹಡಗನ್ನು ಸ್ನೆಕ್ಯಾ ಎಂದು ಕರೆದು, ಅದಕ್ಕೆ ಮೂವತ್ತು ಆಸನಗಳಿದ್ದವು, ಎತ್ತರದ ತುದಿಗಳಿದ್ದವು, ಅಗಲ ಕಡಿಮೆಯಿತ್ತು ಎಂದು ಸಾಗಾ ವರ್ಣಿಸುತ್ತದೆ. ಇಪ್ಪತ್ತೇ ಸ್ನೆಕ್ಯಾದ ಗಡಿ ಎನ್ನುವವರ ಏಣಿ ಇಲ್ಲಿಯೇ ಮುರಿಯುತ್ತದೆ. ಈ ಪದಗಳು ಹೇಳುವುದು ಹಡಗಿನ ಕಟ್ಟಡದ ಶೈಲಿಯನ್ನು, ಗಾತ್ರವನ್ನು ಹೇಳುವ ಕೆಲಸ ಸಂಖ್ಯೆಯದು.

ದ್ರೆಕಿಯಂತೂ ಗಾತ್ರದ ಪದವೇ ಅಲ್ಲ. ದ್ರೆಕಿ ಎಂದರೆ ಡ್ರ್ಯಾಗನ್. ಮುಂತುದಿಯಲ್ಲಿ ಅದರ ತಲೆಯನ್ನು ಹೊತ್ತ ಹಡಗಿಗೆ ಆ ಹೆಸರು. ಅಂಥ ಅಲಂಕಾರ ಸಿರಿವಂತರಿಗೇ ಸಾಧ್ಯವಾದ್ದರಿಂದ ದ್ರೆಕಿಗಳು ಸಾಮಾನ್ಯವಾಗಿ ದೊಡ್ಡವಾಗಿದ್ದವು, ಅಷ್ಟೇ. ಹೀಗಾಗಿ ಒಂದೇ ಹಡಗು ಏಕಕಾಲಕ್ಕೆ ಲಾಂಗ್‌ಸ್ಕಿಪ್ ಆಗಿ, ದ್ರೆಕಿಯಾಗಿ, ಥ್ರೀತುಗ್‌ಸೆಸ್ಸಾ ಆಗಿ, ಅದರ ಮೇಲೆ ಸ್ವಂತ ಹೆಸರೊಂದನ್ನೂ ಹೊತ್ತಿರಬಹುದಿತ್ತು. ಕ್ನೋರ್ ಎಂಬುದು ಸರಕು ಸಾಗಿಸುವ ಅಗಲ ಒಡಲಿನ ಹಡಗು ಎಂದೇ ಈಗ ಪ್ರಸಿದ್ಧ. ಹಳೆಯ ಆಸ್ಥಾನಕವಿಗಳು ಯುದ್ಧನೌಕೆಗೂ ಆ ಪದವನ್ನು ಬಳಸಿದ್ದುಂಟು.

ಪ್ರಶ್ನೆ: ಡ್ರ್ಯಾಗನ್ ತಲೆ ಸದಾ ಹಡಗಿನ ಮೇಲಿರುತ್ತಿತ್ತೇ?

ಇಲ್ಲ. ಐಸ್ಲ್ಯಾಂಡಿನ ಹಳೆಯ ಕಾನೂನಿನ ಆರಂಭದಲ್ಲಿ ಒಂದು ನಿಯಮವಿತ್ತೆಂದು ಅಲ್ಲಿನ ವಸಾಹತು ದಾಖಲೆ ಹೇಳುತ್ತದೆ: ತಲೆ ಹೊತ್ತ ಹಡಗಿನವರು ನೆಲ ಕಣ್ಣಿಗೆ ಬೀಳುವ ಮೊದಲೇ ಅದನ್ನು ಕಳಚಿಡಬೇಕು, ಬಾಯಿ ತೆರೆದ ಮೂತಿಯನ್ನು ಹೊತ್ತು ದಡಕ್ಕೆ ಬಂದು ನಾಡನ್ನು ಕಾಯುವ ಭೂಚೇತನಗಳನ್ನು ಬೆದರಿಸಬಾರದು. ಗಡಿ ಕಾಯುವ ಭೂತಗಳಿಗೆ ನಡೆದುಕೊಳ್ಳುವ ನಮ್ಮ ಕರಾವಳಿಯವರಿಗೆ ಈ ನಿಯಮದ ಹಿಂದಿನ ಭಾವ ಬೇಗ ಹಿಡಿಯುತ್ತದೆ.

ಪ್ರಶ್ನೆ: ಹಡಗಿಗೆ ಸ್ವಂತ ಹೆಸರು ಹೇಗೆ ಬರುತ್ತಿತ್ತು?

ಹೆಚ್ಚಿನ ಪಾಲು ಕಣ್ಣಿಗೆ ಕಂಡದ್ದರಿಂದ. ಓಲಾವ್ ಹರಾಲ್ಡ್‌ಸನ್ ಎಂಬ ರಾಜ, ಮುಂದೆ ಸಂತ ಓಲಾವ್ ಎನ್ನಿಸಿಕೊಂಡವನು, ತನ್ನ ಹಡಗಿನ ಮುಂತುದಿಗೆ ರಾಜನೊಬ್ಬನ ತಲೆಯನ್ನು ತಾನೇ ಕೆತ್ತಿ ಕೂರಿಸಿದ್ದನಂತೆ. ಆ ಹಡಗಿನ ಹೆಸರು ಕಾರ್ಲ್‌ಹೋವ್ದಿ, ಅಂದರೆ ‘ಮನುಷ್ಯತಲೆ’. 1016ರ ನೆಸ್ಯಾರ್ ಕಾಳಗದಲ್ಲಿ ಅವನು ಅದರ ಮೇಲಿದ್ದ. ನಂತರ ಅವನೇ ಕಟ್ಟಿಸಿದ ದೊಡ್ಡ ಹಡಗಿಗೆ ಚಿನ್ನದ ಲೇಪದ ಕಾಡುಕೋಣದ ತಲೆಯಿತ್ತು, ಅದು ವೀಸುಂದ್, ‘ಕಾಡುಕೋಣ’. ಯಾರ್ಲ್, ಅಂದರೆ ರಾಜನಿಗಿಂತ ಒಂದು ಮೆಟ್ಟಿಲು ಕೆಳಗಿನ ಪ್ರಭು, ಆಗಿದ್ದ ಏರಿಕ್‌ನ ಹಡಗಿನ ತುದಿಗೆ ಕಬ್ಬಿಣದ ಪಟ್ಟಿ ಬಿಗಿದಿದ್ದರು, ಅದರ ಹೆಸರಿನಲ್ಲೇ ಕಬ್ಬಿಣವಿತ್ತು: ಯಾರ್ನ್‌ಬಾರ್ದಿ. ಶೌರ್ಯ, ಅಜೇಯ, ವಿಕ್ರಮ ಎಂಬ ಬಗೆಯ ಗುಣವಾಚಕ ಹೆಸರುಗಳನ್ನು ಇಲ್ಲಿ ಹುಡುಕಿದರೆ ನಿರಾಶೆಯಾಗುತ್ತದೆ. ನೋಡಿದವನು ಬೆರಳು ತೋರಿಸಿ ಕರೆಯಬಹುದಾದ ಹೆಸರೇ ಅವರಿಗೆ ಬೇಕಿತ್ತು.

ಎರಡನೆಯ ದಾರಿ ಹೋಲಿಕೆ. ಉತ್ತರ ನಾರ್ವೆಯ ಸಾಲ್ತನ್ ಪ್ರದೇಶದಲ್ಲಿ ರೌದ್ ಎಂಬ ಮುಖಂಡನಿಂದ ಓಲಾವ್ ಟ್ರಿಗ್ವಸನ್ ಕಿತ್ತುಕೊಂಡ ಹಡಗಿಗೆ ಮುಂದೆ ಡ್ರ್ಯಾಗನ್ ತಲೆ, ಹಿಂದೆ ಸುರುಳಿ ಬಾಲ, ಎರಡಕ್ಕೂ ಚಿನ್ನದ ಲೇಪ. ಹಾಯಿ ಬಿಚ್ಚಿದಾಗ ಅದು ರೆಕ್ಕೆಯಂತೆ ಕಾಣುತ್ತಿತ್ತು. ರಾಜ ಅದಕ್ಕೆ ಓರ್ಮ್, ‘ಸರ್ಪ’ ಎಂದು ಹೆಸರಿಟ್ಟ. ಅನಂತರ ಅದೇ ಮಾದರಿಯಲ್ಲಿ ಇನ್ನೂ ದೊಡ್ಡದನ್ನು ಕಟ್ಟಿಸಿದಾಗ ಹೊಸ ಹೆಸರು ಹುಡುಕಲಿಲ್ಲ. ಹೊಸದು ‘ಉದ್ದ ಸರ್ಪ’ವಾಯಿತು, ಹಳೆಯದು ‘ಗಿಡ್ಡ ಸರ್ಪ’ವಾಯಿತು. ಒಂದೇ ಮಾದರಿಯ ಎರಡು ಹಡಗುಗಳು ಒಂದೇ ಹೆಸರನ್ನು ಹಂಚಿಕೊಳ್ಳುವ ಈ ಪದ್ಧತಿ, ಇಂದಿನವರು ಮೊದಲ ಹಡಗಿನ ಹೆಸರನ್ನೇ ಇಡೀ ವರ್ಗಕ್ಕೆ ಇಡುವುದಕ್ಕೆ ಬಹಳ ಹತ್ತಿರದ್ದು. ನಾರ್ಸ್ ಮೂಲದಲ್ಲಿ ವರ್ಗನಾಮದಂಥ ಏನಾದರೂ ಕಾಣುವುದಾದರೆ ಅದು ಇಲ್ಲಿಯೇ.

ಪ್ರಶ್ನೆ: ‘ಉದ್ದ ಸರ್ಪ’ದ ಬಗ್ಗೆ ಎಲ್ಲರೂ ಇಷ್ಟೊಂದು ಮಾತನಾಡುವುದು ಏಕೆ?

ಏಕೆಂದರೆ ಬೇರೆ ಯಾವ ನಾರ್ಸ್ ಹಡಗಿನ ಕಟ್ಟೋಣದ ಕಥೆಯೂ ಇಷ್ಟು ವಿವರವಾಗಿ ನಮಗೆ ಬಂದಿಲ್ಲ. 13ನೆಯ ಶತಮಾನದ ಐಸ್ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ಅದನ್ನು ಬರೆದಿಟ್ಟಿದ್ದಾನೆ. ಇಂದಿನ ಟ್ರಾನ್‌ಹೈಮ್ ಬಳಿಯ ಹ್ಲಾದ್‌ಹಾಮ್ರಾರ್ ಎಂಬಲ್ಲಿ ಅದು ಸಿದ್ಧವಾಯಿತು. ಹುಲ್ಲಿನ ಮೇಲೆ ಊರಿದ ಅಡಿಮರದ ಉದ್ದ 74 ಮೊಳ, ಆಸನಗಳು 34. ನಾರ್ಸರ ಅಳತೆಯೂ ನಮ್ಮ ಮೊಳದಂತೆ ಮೊಣಕೈಯಿಂದ ಬೆರಳ ತುದಿಯವರೆಗಿನದೇ.

ತುದಿಮರಗಳನ್ನು ಕೆತ್ತುವ ಬಡಗಿಯ ಹೆಸರು ಥೋರ್‌ಬೆರ್ಗ್. ಯಾವುದೋ ತುರ್ತಿಗೆ ತನ್ನ ಹೊಲಮನೆಗೆ ಹೋದವನು ಹಿಂತಿರುಗುವಷ್ಟರಲ್ಲಿ ಉಳಿದವರು ಎರಡೂ ಬದಿಗೆ ಹಲಗೆ ಬಿಗಿದು ಮುಗಿಸಿದ್ದರು. ಆ ಸಂಜೆ ರಾಜನೂ ಅವನೂ ಸೇರಿ ಹಡಗನ್ನು ನೋಡಿದರು, ಎಲ್ಲರೂ ಹೊಗಳಿದರು. ಮರುದಿನ ಬೆಳಿಗ್ಗೆ ರಾಜ ಬಂದಾಗ ಬಡಗಿಗಳು ಕೈಕಟ್ಟಿ ನಿಂತಿದ್ದರು. ಇರುಳಿನಲ್ಲಿ ಯಾರೋ ಒಂದು ಬದಿಯ ಹಲಗೆಗಳಿಗೆ ಮುಂತುದಿಯಿಂದ ಹಿಂತುದಿಯವರೆಗೆ ಸಾಲಾಗಿ ಕಚ್ಚು ಹಾಕಿ ಹೋಗಿದ್ದರು. ಹೊಟ್ಟೆಕಿಚ್ಚಿನಿಂದ ಇದನ್ನು ಮಾಡಿದವನಿಗೆ ಸಾವೇ ಗತಿ ಎಂದು ರಾಜ ಆಣೆಯಿಟ್ಟು ಗುಡುಗಿದಾಗ, ಮಾಡಿದವನು ನಾನೇ ಎಂದು ಥೋರ್‌ಬೆರ್ಗ್ ಒಪ್ಪಿಕೊಂಡ. ಮೊದಲಿನಷ್ಟೇ ಚೆನ್ನಾಗಿ ಮಾಡಿಕೊಡದಿದ್ದರೆ ತಲೆ ಉಳಿಯದು ಎಂಬ ಮಾತಿಗೆ ತಲೆಬಾಗಿ, ಅವನು ಆ ಕಚ್ಚುಗಳು ಅಳಿಸಿಹೋಗುವವರೆಗೂ ಹಲಗೆಗಳನ್ನು ಕೆತ್ತಿ ತೆಳುವಾಗಿಸಿದ. ಕೆತ್ತಿದ ಬದಿಯೇ ಚೆಂದವೆಂದು ರಾಜ ಒಪ್ಪಿ, ಇನ್ನೊಂದು ಬದಿಯನ್ನೂ ಹಾಗೆಯೇ ಮಾಡಿಸಿದ. ಈ ಕಥೆಯನ್ನು ನಾನು ಎಷ್ಟು ಸಲ ಓದಿದರೂ ಕೊನೆಯಲ್ಲಿ ಆ ಹಲಗೆಯ ಮೇಲೆ ಕೈಯಾಡಿಸಬೇಕು ಎನ್ನಿಸುತ್ತದೆ. ಹಡಗು ಸರ್ಪದಂತೆ ಬಳುಕಬೇಕಾದರೆ ಅದರ ಚರ್ಮ ತೆಳುವಾಗಿರಬೇಕು. ಹೆಸರಿಗೆ ತಕ್ಕ ಮೈಯನ್ನು ಕೊಟ್ಟವನು ಆ ಬಡಗಿ.

ಇಪ್ಪತ್ತಕ್ಕಿಂತ ಕಿರಿಯರಿಗೂ ಅರವತ್ತಕ್ಕಿಂತ ಹಿರಿಯರಿಗೂ ಆ ಹಡಗಿನಲ್ಲಿ ಪ್ರವೇಶವಿರಲಿಲ್ಲ. ಹದಿನೆಂಟರ ಬಿಲ್ಲುಗಾರ ಐನಾರ್ ಒಬ್ಬನೇ ಅಪವಾದ. ಒಂದೊಂದು ಅರೆ ರೂಮಿಗೆ ಎಂಟು ಜನ ಎಂದು ಸ್ನೋರಿ ಹೇಳುವ ಲೆಕ್ಕವನ್ನು 34 ರೂಮುಗಳ 68 ಅರೆಗಳಿಗೆ ಗುಣಿಸಿದರೆ 544 ಜನರಾಗುತ್ತಾರೆ. ಈ ಸಂಖ್ಯೆಯನ್ನು ನಾನು ನಂಬುವುದಿಲ್ಲ, ಆದರೆ ಅವನು ಎಣಿಸಿದ ಕ್ರಮ ಮುಖ್ಯ: ಜನಸಂಖ್ಯೆಯನ್ನು ಅವನು ಹಡಗಿಗೆ ಇಷ್ಟು ಎಂದಲ್ಲ, ರೂಮಿಗೆ ಇಷ್ಟು ಎಂದೇ ಹೇಳುತ್ತಾನೆ. ಸುಮಾರು 1000ದ ಸ್ವೋಲ್ದರ್ ಕಾಳಗದಲ್ಲಿ ಓಲಾವ್ ಟ್ರಿಗ್ವಸನ್ ಸೋತು ಸಮುದ್ರಕ್ಕೆ ಹಾರಿದ ಮೇಲೆ ‘ಉದ್ದ ಸರ್ಪ’ ಶತ್ರುಪಡೆಯ ಯಾರ್ಲ್ ಏರಿಕ್‌ನ ಪಾಲಾಯಿತು.

ಪ್ರಶ್ನೆ: ಕ್ರೈಸ್ತ ಧರ್ಮ ಬಂದ ಮೇಲೆ ಹೆಸರುಗಳು ಬದಲಾದವೇ?

ಕ್ರಮೇಣ ಬದಲಾದವು. 12 ಮತ್ತು 13ನೆಯ ಶತಮಾನದ ನಾರ್ವೆಯ ರಾಜನೌಕೆಗಳಲ್ಲಿ ಮಾರಿಯುಸೂದ್, ಓಲಾವ್‌ಸೂದ್, ಕ್ರಿಸ್ತ್‌ಸೂದ್ ಎಂಬ ಹೆಸರುಗಳು ಬರುತ್ತವೆ. ಸೂದ್ ಎಂದರೆ ಒಂದರ ಮೇಲೊಂದು ಅಂಚು ಏರಿಸಿ ಬಿಗಿದ ಹಲಗೆಗಳ ಮೈ. ಮೇರಿಯ ಹಲಗೆಮೈ, ಕ್ರಿಸ್ತನ ಹಲಗೆಮೈ: ಹಡಗನ್ನು ದೈವದ ರಕ್ಷಣೆಗೆ ಒಪ್ಪಿಸುವಾಗಲೂ ಪದದ ಅರ್ಧಭಾಗ ಬಡಗಿಯ ಕೆಲಸದ್ದೇ ಆಗಿ ಉಳಿಯಿತು. ಸ್ವೆರ್ರೆ ರಾಜನು ಮಾರಿಯುಸೂದ್ ಅರ್ಧ ಕಟ್ಟಿ ಮುಗಿದಿದ್ದಾಗ ಅದನ್ನು ನಡುವೆ ಕತ್ತರಿಸಿ ಉದ್ದ ಮಾಡಿಸಿದ. ಹೀಗಾಗಿ ಹಲಗೆಯ ಜೋಡಣೆಗಳು ಒಂದೇ ಕಡೆ ಒತ್ತಾಗಿ ಬಂದು ಹಡಗು ದುರ್ಬಲವಾಯಿತು. ಆದರೂ 1184ರ ಫಿಮ್ರೈತೆ ಕಾಳಗದಲ್ಲಿ ಗೆಲುವು ಸ್ವೆರ್ರೆಯದೇ.

ಪ್ರಶ್ನೆ: ಓದಿನ್, ಥೋರ್ ಎಂದು ದೇವರ ಹೆಸರನ್ನು ಯುದ್ಧನೌಕೆಗೆ ಇಡಬಹುದೇ?

ಮೇಲೆ ಹೇಳಿದ ರಾಜನೌಕೆಗಳಲ್ಲಿ ಅಂಥದ್ದೊಂದೂ ಇಲ್ಲ. ದೇವರುಗಳಿಗೇ ಸ್ವಂತ ಹಡಗುಗಳಿದ್ದವು: ಮಡಚಿ ಚೀಲದಲ್ಲಿಡಬಹುದಾದ ಸ್ಕೀದ್‌ಬ್ಲಾದ್ನಿರ್, ಬಾಲ್ಡರನ ಹ್ರಿಂಗ್‌ಹೋರ್ನಿ. ಸತ್ತವರ ಉಗುರುಗಳಿಂದ ಕಟ್ಟಿದ ನಾಗ್ಲ್‌ಫಾರ್ ದೇವರುಗಳ ಶತ್ರುಗಳದ್ದು. ದೇವರ ಹೆಸರನ್ನೇ ಹಡಗಿಗಿಡುವುದು ಆಧುನಿಕ ರಾಷ್ಟ್ರೀಯತೆಯ ಕಾಲದ ಅಭ್ಯಾಸ. 19ನೆಯ ಶತಮಾನದಲ್ಲಿ ನಾರ್ವೆಗೆ ಥೋರ್ ಮತ್ತು ಅವನ ಸುತ್ತಿಗೆಯಾದ ಮ್ಯೋಲ್ನರ್ ಎಂಬ ಕವಚನೌಕೆಗಳಿದ್ದವು. 1930ರ ದಶಕದ ಡೆಸ್ಟ್ರಾಯರ್‌ಗಳಲ್ಲಿ ಸ್ಲೈಪ್ನರ್, ಓದಿನ್, ಬಾಲ್ಡರ್, ಟೋರ್ ಇದ್ದವು. ಇಂದಿನ ನಾರ್ವೆಯ ಫ್ರಿಗೇಟ್‌ಗಳು ನಾನ್ಸೆನ್, ಅಮುಂಡ್ಸೆನ್ ಮೊದಲಾದ ಅನ್ವೇಷಕರ ಹೆಸರಿನವು. ಉಲಾ ವರ್ಗದ ಜಲಾಂತರ್ಗಾಮಿಗಳ ಹೆಸರುಗಳೆಲ್ಲ ‘ಉ’ ಅಕ್ಷರದಿಂದ ಶುರುವಾಗುತ್ತವೆ.

ಪ್ರಶ್ನೆ: ನೆಲದಲ್ಲಿ ಸಿಕ್ಕ ಹಡಗುಗಳು ಈ ಲೆಕ್ಕವನ್ನು ಒಪ್ಪುತ್ತವೆಯೇ?

ಬೆರಗು ಹುಟ್ಟಿಸುವಷ್ಟು ಒಪ್ಪುತ್ತವೆ. ಡೆನ್ಮಾರ್ಕಿನ ರೋಸ್ಕಿಲ್ಡೆ ಕೊಲ್ಲಿಯಲ್ಲಿ 1962ರಲ್ಲಿ ಮೇಲೆತ್ತಿದ ಸ್ಕುಲ್ಡೆಲೆವ್ ಹಡಗುಗಳಲ್ಲಿ ಐದನೆಯದು ಸುಮಾರು 17 ಮೀಟರ್ ಉದ್ದದ್ದು, 13 ಜೊತೆ ಹುಟ್ಟುಗಳದ್ದು. ಕಾನೂನಿನ ಕನಿಷ್ಠ ಮಿತಿ ಮರದ ರೂಪದಲ್ಲಿ ಎದ್ದು ಬಂದಂತಿದೆ. ಅಲ್ಲಿನ ಎರಡನೆಯದು ಸುಮಾರು 30 ಮೀಟರ್, 60 ಹುಟ್ಟು, ಅಂದರೆ ನಿಜವಾದ ಥ್ರೀತುಗ್‌ಸೆಸ್ಸಾ. ಅದರ ಓಕ್ ಮರಗಳನ್ನು 1042ರಲ್ಲಿ ಡಬ್ಲಿನ್ ಪ್ರದೇಶದಲ್ಲಿ ಕಡಿದದ್ದೆಂದು ಮರದ ವಾರ್ಷಿಕ ಉಂಗುರಗಳಿಂದ ತಿಳಿದಿದೆ. ಅದರ ಮರುನಿರ್ಮಾಣವೊಂದು 2007ರಲ್ಲಿ ರೋಸ್ಕಿಲ್ಡೆಯಿಂದ ಡಬ್ಲಿನ್‌ಗೆ ಹಾಯಿ ಹಾಕಿ ಹೋಗಿ, ಮರುವರ್ಷ ಹಿಂತಿರುಗಿತು. ನಾರ್ವೆಯ ಗೋಕ್‌ಸ್ಟಾಡ್ ಹಡಗಿಗೆ 16 ಜೊತೆ ಹುಟ್ಟು, ಆದರೆ ಬದಿಗೆ 32ರಂತೆ ಹಳದಿ ಮತ್ತು ಕಪ್ಪು ಬಣ್ಣದ 64 ಗುರಾಣಿಗಳು. ಒಂದು ಹುಟ್ಟಿಗೆ ಇಬ್ಬರು ಸರದಿಯಾಳುಗಳು ಎಂಬ ಊಹೆಗೆ ಇದೇ ಆಧಾರ. ಈವರೆಗೆ ಸಿಕ್ಕವುಗಳಲ್ಲಿ ಅತಿ ಉದ್ದದ್ದು 1990ರ ದಶಕದಲ್ಲಿ ರೋಸ್ಕಿಲ್ಡೆಯಲ್ಲೇ ಸಿಕ್ಕ, ಸುಮಾರು 1025ರ ಹಡಗು: 37 ಮೀಟರಿಗೂ ಹೆಚ್ಚು, ಅಂದಾಜು 39 ಜೊತೆ ಹುಟ್ಟು. ಕ್ನೂಟ್ ರಾಜನಿಗೆ ಅರವತ್ತು ಆಸನಗಳ ಡ್ರ್ಯಾಗನ್ ಇತ್ತೆಂಬ ಸಾಗಾದ ಮಾತನ್ನು ಇದರ ಪಕ್ಕದಲ್ಲಿಟ್ಟರೆ ಉತ್ಪ್ರೇಕ್ಷೆ ಎಷ್ಟೆಂದು ತಾನಾಗಿ ತಿಳಿಯುತ್ತದೆ.

ಪ್ರಶ್ನೆ: ನನ್ನ ಕಥೆಯ ನೌಕಾಪಡೆಗೆ ಇದನ್ನೆಲ್ಲ ಹೇಗೆ ಬಳಸಲಿ?

ಮೊದಲು ಆಸನ ಎಣಿಸಿ, ಆಮೇಲೆ ಹೆಸರಿಡಿ. ರೈತರು ಕೊಟ್ಟ ಹಡಗುಗಳೆಲ್ಲ ಇಪ್ಪತ್ತರ ಆಸುಪಾಸಿನಲ್ಲಿರಲಿ. ಮೂವತ್ತು ದಾಟಿದವು ರಾಜನವೋ ದೊಡ್ಡ ಯಾರ್ಲ್‌ನವೋ ಆಗಿ, ಬೆರಳೆಣಿಕೆಯಷ್ಟು ಮಾತ್ರ ಇರಲಿ. ಹೆಸರನ್ನು ಹಡಗಿನ ಮೈಯಲ್ಲಿ ಹುಡುಕಿ. ‘ಕಾಗೆ’ ಎಂದು ಹೆಸರಿಟ್ಟರೆ ಅದರ ಹಾಯಿಯೋ ಟಾರ್ ಬಳಿದ ಹಲಗೆಯೋ ಕಪ್ಪಾಗಿರಬೇಕು. ಅದೇ ಮಾದರಿಯ ಎರಡನೆಯದು ಬಂದಾಗ ‘ಉದ್ದ ಕಾಗೆ’, ‘ಗಿಡ್ಡ ಕಾಗೆ’ ಎಂದು ಬೇರೆ ಮಾಡಿ. ಪಡೆಯ ಒಟ್ಟು ಸಂಖ್ಯೆ ಹೇಳುವಾಗ ಹಳೆಯ ನಾರ್ಸ್‌ನಲ್ಲಿ ನೂರು ಎಂಬ ಪದ ಹೆಚ್ಚಾಗಿ 120ನ್ನು ಸೂಚಿಸುತ್ತಿತ್ತು ಎಂಬುದು ನೆನಪಿರಲಿ.

ಪ್ರಶ್ನೆ: ಕನ್ನಡದಲ್ಲಿ ಬರೆಯುವಾಗ ಹೆಸರುಗಳನ್ನು ಅನುವಾದಿಸಬೇಕೇ, ಹಾಗೆಯೇ ಇಡಬೇಕೇ?

ದರ್ಜೆಯ ಪದಗಳನ್ನು ಹಾಗೆಯೇ ಇಡಿ, ಹಡಗಿನ ಸ್ವಂತ ಹೆಸರನ್ನು ಅನುವಾದಿಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ನೆಕ್ಯಾ, ಸ್ಕೆಯ್ದ್ ಎಂಬುವಕ್ಕೆ ಸಮನಾದ ಕನ್ನಡದ ಹಡಗು ಇಲ್ಲ, ಬಲವಂತವಾಗಿ ತಂದರೆ ಅರ್ಥ ಕೆಡುತ್ತದೆ. ಅವರ ಲಿಪಿಯ ಎರಡು ವಿಶೇಷ ಅಕ್ಷರಗಳಿಗೆ ನಮ್ಮ ಥ ಮತ್ತು ದ ಬರೆಯುವುದು ರೂಢಿ. ಆದರೆ ಅವರ ಥಕಾರ ನಮ್ಮ ಮಹಾಪ್ರಾಣವಲ್ಲ, ನಾಲಗೆಯ ತುದಿ ಹಲ್ಲಿಗೆ ಸೋಕುವಂತಿಟ್ಟು ಗಾಳಿ ಬಿಡುವ ಧ್ವನಿ. ಸ್ವಂತ ಹೆಸರಿನ ಮಾತು ಬೇರೆ. ‘ಓರ್ಮ್‌ರಿನ್ ಲಾಂಗಿ’ ಎಂಬುದು ನಮ್ಮ ಓದುಗನಿಗೆ ಬರಿಯ ಸದ್ದು. ಸ್ವೋಲ್ದರ್‌ನಲ್ಲಿ ಅದು ಬರುವುದನ್ನು ದಡದಿಂದ ಕಾಯುತ್ತಿದ್ದ ಶತ್ರುಗಳು, ದೊಡ್ಡ ಹಡಗೊಂದು ತೇಲಿ ಬಂದಾಗಲೆಲ್ಲ ಇದೇ ಸರ್ಪವಿರಬೇಕು ಎನ್ನುತ್ತಿದ್ದರು, ಅಲ್ಲ, ಸರ್ಪ ಇನ್ನೂ ಬಂದಿಲ್ಲ ಎಂದು ಏರಿಕ್ ತಡೆಯುತ್ತಿದ್ದ ಎಂದು ಸಾಗಾ ಹೇಳುತ್ತದೆ. ಅವರ ಬಾಯಲ್ಲಿದ್ದದ್ದು ಸರ್ಪ ಎಂಬ ದಿನಬಳಕೆಯ ಮಾತು. ನಮ್ಮ ಪುಟದಲ್ಲೂ ಅದು ಹಾಗೆಯೇ ಕೇಳಿಸಬೇಕು.